ಒಂದು ಲವಣ, ಮೂರು ಹೊರೆ: ಅಮೋನಿಯಂ ಲವಣಗಳಿಗೆ ದೇಹದೊಳಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಮೂರು ಅಂಕಿಗಳನ್ನು ಮುಂದಿಟ್ಟುಕೊಂಡು ಶುರು ಮಾಡೋಣ. ಅಮೋನಿಯಂ ಕ್ಲೋರೈಡನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ, ಅಂದರೆ ಎಲ್‌ಡಿ50, ದೇಹತೂಕದ ಪ್ರತಿ ಕಿಲೋಗೆ ಸುಮಾರು 1,400ರಿಂದ 1,650 ಮಿ.ಗ್ರಾಂ. ಅಮೋನಿಯಂ ಸಲ್ಫೇಟಿನ ವಿಷಯದಲ್ಲಿ ವರದಿಗಳು ಕೊಡುವ ಅಂಕಿ 2,000ದಿಂದ 4,250 ಮಿ.ಗ್ರಾಂವರೆಗೆ ಹರಡಿಕೊಂಡಿದೆ. ಅಮೋನಿಯಂ ಅಸಿಟೇಟನ್ನು ಚಿಟ್ಟಿಲಿಯ ಉದರಕುಹರಕ್ಕೆ ಚುಚ್ಚಿದರೆ ಕಿಲೋಗೆ ಸುಮಾರು 830 ಮಿ.ಗ್ರಾಂ ಸಾಕು, ಪ್ರಾಣಿ ನಿಮಿಷಗಳಲ್ಲಿ ಸೆಟೆದುಕೊಳ್ಳುತ್ತದೆ.

ಈ ಪಟ್ಟಿಯನ್ನು ಹೀಗೇ ಓದಿದವರು ಅಸಿಟೇಟ್ ಎಲ್ಲಕ್ಕಿಂತ ಕೆಟ್ಟದ್ದು, ಸಲ್ಫೇಟ್ ಎಲ್ಲಕ್ಕಿಂತ ಸೌಮ್ಯ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಲವಣಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಅಮೋನಿಯಂ ಕ್ಲೋರೈಡಿನ ಅಣುತೂಕ 53.5, ಸಲ್ಫೇಟಿನದು 132, ಅದರಲ್ಲೂ ಸಲ್ಫೇಟಿನ ಒಂದು ಅಣುವಿನಲ್ಲಿ ಅಮೋನಿಯಂ ಎರಡಿರುತ್ತವೆ. ಆದ್ದರಿಂದ ಮಿಲಿಮೋಲಿಗೆ, ಅಂದರೆ ತೂಕದ ಬದಲು ಕಣಗಳ ಎಣಿಕೆಗೆ, ಬದಲಿಸೋಣ. ಕ್ಲೋರೈಡಿನ 1,500 ಮಿ.ಗ್ರಾಂ ಎಂದರೆ 28 ಮಿಲಿಮೋಲ್ ಅಮೋನಿಯಂ. ಸಲ್ಫೇಟಿನ 2,000 ಎಂದರೆ 30, 4,250 ಎಂದರೆ 64. ಅಸಿಟೇಟಿನ 830 ಎಂದರೆ ಬರೀ 11. ಅಮೋನಿಯಂ ಒಂದೇ, ಆದರೂ ಕೊಲ್ಲುವ ಪ್ರಮಾಣದಲ್ಲಿ ಐದಾರು ಪಟ್ಟು ಅಂತರ. ಪ್ರಾಣಿಯ ಜಾತಿ ಬೇರೆಯಾದ್ದರಿಂದ ಸ್ವಲ್ಪ ವ್ಯತ್ಯಾಸ ಬರುತ್ತದೆ, ನಿಜ. ಆದರೆ ಅಂತರವೆಲ್ಲ ಅದರಿಂದಲೇ ಬಂದದ್ದಲ್ಲ.

ಕಾರಣ ಇಷ್ಟೇ: ಅಮೋನಿಯಂ ಲವಣ ಕೊಟ್ಟಾಗ ನಾವು ದೇಹದ ಮೇಲೆ ಒಂದಲ್ಲ, ಮೂರು ಹೊರೆ ಹೊರಿಸುತ್ತೇವೆ. ಅಮೋನಿಯಾ ಒಂದು, ಅದನ್ನು ಯಕೃತ್ತು ಯೂರಿಯಾ ಮಾಡುವಾಗ ಉಳಿದುಹೋಗುವ ಆಮ್ಲ ಎರಡು, ಜೊತೆಗೆ ಬಂದ ಋಣ ಅಯಾನು ಮೂರು. ಯಾವ ಪ್ರಯೋಗದಲ್ಲಿ ಯಾವ ಹೊರೆ ಪ್ರಾಣಿಯನ್ನು ಕೆಡವಿತು ಎಂದು ಬಿಡಿಸಿ ನೋಡದಿದ್ದರೆ ಅಂಕಿ ಕೈಯಲ್ಲಿರುತ್ತದೆ, ಅರ್ಥ ಇರುವುದಿಲ್ಲ.

ಮೊದಲು ರಸಾಯನ. ನೀರಿಗೆ ಬಿದ್ದ ಕೂಡಲೇ ಲವಣ ಎರಡಾಗಿ ಒಡೆಯುತ್ತದೆ. ಅಮೋನಿಯಂ ಅಯಾನು ಒಂದು ದುರ್ಬಲ ಆಮ್ಲ. ದೇಹದ ಉಷ್ಣತೆಯಲ್ಲಿ ಅದರ ಪಿಕೆಎ, ಅಂದರೆ ಅರ್ಧದಷ್ಟು ಅಮೋನಿಯಾ ಆಗಿರುವ ಪಿಎಚ್, ಸುಮಾರು 9.1. ಅಂದರೆ ರಕ್ತದ ಪಿಎಚ್ 7.4ರಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ವಿದ್ಯುದಾವೇಶ ಹೊತ್ತ ಅಮೋನಿಯಂ, ಉಳಿದೆರಡು ಭಾಗ ಮಾತ್ರ ಆವೇಶವಿಲ್ಲದ ಅಮೋನಿಯಾ. ಈ ಎರಡು ಭಾಗವನ್ನು ಹಗುರವಾಗಿ ಎಣಿಸುವಂತಿಲ್ಲ, ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುವುದು ಅದೇ. ಪಿಎಚ್ ಒಂದು ಅಂಕ ಏರಿದರೆ ಅದರ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಮೀನುಗಳ ಮೇಲಿನ ಪರೀಕ್ಷೆಯಲ್ಲಿ ನೀರಿನ ಪಿಎಚ್ ದಾಖಲಿಸದ ಅಮೋನಿಯಂ ಅಂಕಿಗಳನ್ನು ಬದಿಗಿಡುವುದು ಇದಕ್ಕಾಗಿಯೇ. ಪಿಎಚ್ 7ರ ತೊಟ್ಟಿಯಲ್ಲಿ ಈಜಾಡುವ ಮೀನು ಅದೇ ಒಟ್ಟು ಅಮೋನಿಯಂ ಇರುವ ಪಿಎಚ್ 8ರ ತೊಟ್ಟಿಯಲ್ಲಿ ಸಾಯಬಹುದು.

ಆವೇಶ ಹೊತ್ತ ಅಮೋನಿಯಂಗೂ ದಾರಿಗಳಿವೆ. ಅದರ ಗಾತ್ರ ಪೊಟ್ಯಾಸಿಯಂ ಅಯಾನಿಗೆ ಬಹಳ ಹತ್ತಿರ. ಹಾಗಾಗಿ ಸೋಡಿಯಂ-ಪೊಟ್ಯಾಸಿಯಂ ಪಂಪಿನಲ್ಲೂ ಪೊಟ್ಯಾಸಿಯಂ ಕಾಲುವೆಗಳಲ್ಲೂ ಅದು ಪೊಟ್ಯಾಸಿಯಂ ವೇಷದಲ್ಲಿ ನುಗ್ಗುತ್ತದೆ. ಇದಲ್ಲದೆ ಆರ್‌ಎಚ್ ಕುಟುಂಬದ ಸಾಗಣೆ ಪ್ರೋಟೀನುಗಳು ಮೂತ್ರಪಿಂಡ, ಯಕೃತ್ತುಗಳಲ್ಲಿ ಇದಕ್ಕೆಂದೇ ಇವೆ.

ಇನ್ನು ಹೀರಿಕೆ. ಬಾಯಿಯ ಮೂಲಕ ಹೋದ ಲವಣ ಜಠರದ ಆಮ್ಲದಲ್ಲಿ ಪೂರ್ತಿ ಅಮೋನಿಯಂ ರೂಪದಲ್ಲೇ ಇರುತ್ತದೆ, ಅಲ್ಲಿ ಹೆಚ್ಚೇನೂ ಒಳಸೇರುವುದಿಲ್ಲ. ಸಣ್ಣ ಕರುಳಿಗೆ ಇಳಿದ ಮೇಲೆ ಪಿಎಚ್ ಏರುತ್ತದೆ, ಅಮೋನಿಯಾ ಪೊರೆ ದಾಟುತ್ತದೆ, ದಾಟಿದಷ್ಟಕ್ಕೂ ಸಮತೋಲ ತುಂಬಲು ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ಕೊನೆಗೆ ಮಲದಲ್ಲಿ ಹೊರಹೋಗುವುದು ಅತ್ಯಲ್ಪ, ಹೀರಿಕೆ ಹೆಚ್ಚುಕಡಿಮೆ ಪೂರ್ಣ ಎಂದೇ ಹಿಡಿಯಬಹುದು. ಚರ್ಮದ ಮೂಲಕ ಲವಣದ ಅಯಾನುಗಳು ಗಣನೀಯವಾಗಿ ಒಳಗೆ ಹೋಗುವುದಿಲ್ಲ. ಉಸಿರಿನಲ್ಲಿ ಹೋಗುವ ಲವಣದ ಸೂಕ್ಷ್ಮ ಕಣಗಳು ಶ್ವಾಸಮಾರ್ಗದಲ್ಲಿ ಕರಗಿ ರಕ್ತ ಸೇರುತ್ತವೆ, ಆದರೆ ಆ ದಾರಿಯಲ್ಲಿ ಬರುವ ಅಮೋನಿಯಂ ದೇಹ ತಾನೇ ತಯಾರಿಸುವುದರ ಮುಂದೆ ಲೆಕ್ಕಕ್ಕಿಲ್ಲ.

ಹೌದು, ದೇಹ ತಾನೇ ತಯಾರಿಸುತ್ತದೆ. ವಿಷವಿಜ್ಞಾನದ ವರದಿ ಬರೆಯುವವರು ಆಗಾಗ ಮರೆಯುವ ಸಂಗತಿ ಇದು. ವಯಸ್ಕ ಮನುಷ್ಯನ ಕರುಳಿನಲ್ಲಿ ದಿನಕ್ಕೆ ಸುಮಾರು 4 ಗ್ರಾಂ ಅಮೋನಿಯಾ ಹುಟ್ಟುತ್ತದೆಂಬ ಅಂದಾಜಿದೆ. ಯಕೃತ್ತು ಮಾಡಿದ ಯೂರಿಯಾದಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕಿ ದೊಡ್ಡ ಕರುಳಿಗೆ ಸೋರಿ, ಬ್ಯಾಕ್ಟೀರಿಯಾಗಳ ಯೂರಿಯೇಸ್ ಕಿಣ್ವದಿಂದ ಮತ್ತೆ ಅಮೋನಿಯಾ ಆಗುತ್ತದೆ. ಕರುಳಿನ ಗೋಡೆಯ ಕೋಶಗಳು ಗ್ಲುಟಾಮಿನ್ ಎಂಬ ಅಮೈನೋ ಆಮ್ಲವನ್ನು ಉರಿಸಿ ಇನ್ನಷ್ಟು ಬಿಡುತ್ತವೆ. ಹೀಗಾಗಿ ಕರುಳಿನಿಂದ ಯಕೃತ್ತಿಗೆ ಹೋಗುವ ಪೋರ್ಟಲ್ ಸಿರೆಯ ರಕ್ತದಲ್ಲಿ ಅಮೋನಿಯಾ ಲೀಟರಿಗೆ ಕೆಲವು ನೂರು ಮೈಕ್ರೊಮೋಲ್ ಇದ್ದರೂ ಆಶ್ಚರ್ಯವಿಲ್ಲ. ಯಕೃತ್ತು ದಾಟಿದ ಮೇಲೆ ಅದು 50ಕ್ಕಿಂತ ಕೆಳಗೆ. ವಿಷಪರೀಕ್ಷೆಯಲ್ಲಿ ನಾವು ಕೊಡುವ ಲವಣ ಈಗಾಗಲೇ ಹರಿಯುತ್ತಿರುವ ಹೊಳೆಗೆ ಬಂದು ಸೇರುತ್ತದೆಯೇ ಹೊರತು ಖಾಲಿ ಪಾತ್ರೆಗೆ ಬೀಳುವುದಿಲ್ಲ.

ಯಕೃತ್ತಿನ ಈ ಕೆಲಸ ಎಷ್ಟು ದೊಡ್ಡದೆಂದು ತೋರಿಸಿದ್ದು 1893ರಲ್ಲಿ ಪ್ರಕಟವಾದ, ಪಾವ್ಲೋವ್, ನೆನ್ಸ್ಕಿ ಮತ್ತವರ ಸಹೋದ್ಯೋಗಿಗಳ ಪ್ರಯೋಗ. ಎಕ್ ಎಂಬ ವೈದ್ಯರು ರೂಪಿಸಿದ್ದ ಶಸ್ತ್ರಕ್ರಿಯೆಯಿಂದ ಅವರು ನಾಯಿಗಳಲ್ಲಿ ಪೋರ್ಟಲ್ ಸಿರೆಯನ್ನು ಯಕೃತ್ತಿಗೆ ಹೋಗದಂತೆ ನೇರ ಮಹಾಸಿರೆಗೆ ಜೋಡಿಸಿದರು. ಮಾಂಸ ತಿಂದ ನಾಯಿಗಳು ತೂರಾಡಿದವು, ಕುರುಡಾದಂತೆ ನಡೆದವು, ಸೆಳೆತ ಬಂದು ಮಂಪರಿಗೆ ಜಾರಿದವು. ಮನುಷ್ಯರಲ್ಲೂ ಇದರ ಸೌಮ್ಯ ರೂಪ ಕಂಡಿದೆ. ಆರೋಗ್ಯವಂತರಿಗೆ ಕಿಲೋಗೆ 9 ಮಿ.ಗ್ರಾಂನಷ್ಟು ಅಮೋನಿಯಂ ಕ್ಲೋರೈಡ್ ಕುಡಿಸಿದಾಗ ರಕ್ತದ ಅಮೋನಿಯಾ ಕಾಲು ಗಂಟೆಯ ಹೊತ್ತಿಗೆ ತುಸು ಏರಿ ಇಳಿಯಿತು. ಸಿರೋಸಿಸ್ (ಯಕೃತ್ತು ಗಡುಸಾಗಿ ಕೆಡುವ ಕಾಯಿಲೆ) ಇದ್ದವರಲ್ಲಿ ಏರಿಕೆಯೂ ಹೆಚ್ಚು, ಇಳಿಯಲು ಹಿಡಿದ ಸಮಯವೂ ಹೆಚ್ಚು.

ಯಕೃತ್ತಿನೊಳಗೆ ಎರಡು ಹಂತದ ಏರ್ಪಾಡಿದೆ. ಪೋರ್ಟಲ್ ರಕ್ತ ಮೊದಲು ಮುಟ್ಟುವ ಕೋಶಗಳಲ್ಲಿ ಅಮೋನಿಯಾವನ್ನು ಯೂರಿಯಾ ಮಾಡುವ ಯೂರಿಯಾ ಚಕ್ರ ನಡೆಯುತ್ತದೆ. ಇದನ್ನು ಕ್ರೆಬ್ಸ್ ಮತ್ತು ಹೆನ್ಸೆಲೈಟ್ 1932ರಲ್ಲಿ ಬಿಡಿಸಿಟ್ಟರು. ಅದರ ಬಾಗಿಲು ಕಾಯುವ ಕಿಣ್ವ ಕಾರ್ಬಮಾಯಿಲ್ ಫಾಸ್ಫೇಟ್ ಸಿಂಥೆಟೇಸ್-1. ಈ ಕಿಣ್ವದ ಸಾಮರ್ಥ್ಯ ದೊಡ್ಡದು, ಆದರೆ ಅಮೋನಿಯಂ ಮಿಲಿಮೋಲ್ ಮಟ್ಟದಲ್ಲಿದ್ದಾಗಲೇ ಅದು ಅರ್ಧ ವೇಗಕ್ಕೆ ಬರುವುದು. ಕಡಿಮೆ ಸಾಂದ್ರತೆಯಲ್ಲಿ ಸಾಕಷ್ಟು ಅಮೋನಿಯಂ ಅದರ ಕೈ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡದ್ದನ್ನು ಹಿಡಿಯಲು, ರಕ್ತ ಹೊರಬೀಳುವ ಕೇಂದ್ರ ಸಿರೆಯ ಸುತ್ತ ತೆಳುವಾದ ಒಂದು ಕೋಶಪಟ್ಟಿ ಇದೆ. ಅಲ್ಲಿ ಗ್ಲುಟಾಮಿನ್ ಸಿಂಥೆಟೇಸ್ ಕಿಣ್ವ ಸೂಕ್ಷ್ಮ ಪ್ರಮಾಣದ ಅಮೋನಿಯಂ ಅನ್ನೂ ಗ್ಲುಟಮೇಟಿಗೆ ಕಟ್ಟಿ ಗ್ಲುಟಾಮಿನ್ ಮಾಡುತ್ತದೆ. ದೊಡ್ಡ ಕಣ್ಣಿನ ಜರಡಿಯ ಕೆಳಗೆ ಸಣ್ಣ ಕಣ್ಣಿನ ಜರಡಿ ಇಟ್ಟ ಹಾಗೆ. ಈ ಎರಡನೆಯ ಪಟ್ಟಿಯನ್ನಷ್ಟೇ ಹಾಳುಮಾಡುವ ವಿಷಗಳಿವೆ. ಕಾರ್ಬನ್ ಟೆಟ್ರಾಕ್ಲೋರೈಡ್ ಕಡಿಮೆ ಪ್ರಮಾಣದಲ್ಲಿ ಮೊದಲು ಸುಡುವುದು ಕೇಂದ್ರ ಸಿರೆಯ ಸುತ್ತಲಿನ ಆ ಕೋಶಗಳನ್ನೇ. ಆಗ ಯೂರಿಯಾ ತಯಾರಿ ಸರಿಯಾಗೇ ಕಾಣುತ್ತದೆ, ಆದರೂ ರಕ್ತದ ಅಮೋನಿಯಾ ಏರುತ್ತದೆ.

ಮೊದಲ ಕಿಣ್ವಕ್ಕೆ ಇನ್ನೊಂದು ಷರತ್ತು ಇದೆ: ಎನ್-ಅಸಿಟೈಲ್ ಗ್ಲುಟಮೇಟ್ ಎಂಬ ಅಣು ಅದಕ್ಕೆ ಅಂಟಿಕೊಂಡಿರದಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಆ ಅಣುವಿನ ತಯಾರಿಕೆಯನ್ನು ಹುರಿದುಂಬಿಸುವುದು ಆರ್ಜಿನಿನ್ ಎಂಬ ಅಮೈನೋ ಆಮ್ಲ. ಇದರ ಕೈಗೆಟುಕುವ ಪರಿಣಾಮ ಎರಡು. ಒಂದು, ಇಲಿಗಳಿಗೆ ಮೊದಲೇ ಆರ್ಜಿನಿನ್ ಚುಚ್ಚಿಟ್ಟರೆ ಕೊಲ್ಲುವ ಪ್ರಮಾಣದ ಅಮೋನಿಯಂ ಅಸಿಟೇಟನ್ನೂ ಅವು ತಾಳಿಕೊಳ್ಳುತ್ತವೆ. 1950ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಎರಡು, ಬೆಕ್ಕು. ಅದು ಆರ್ಜಿನಿನ್ನನ್ನು ತಾನೇ ಸಾಕಷ್ಟು ಮಾಡಿಕೊಳ್ಳಲಾರದು. ಉಪವಾಸದ ಬೆಕ್ಕಿಗೆ ಆರ್ಜಿನಿನ್ ಇಲ್ಲದ ಒಂದೇ ಒಂದು ಊಟ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏರಿ ಸಾಯುವ ಸ್ಥಿತಿಗೆ ಬರುತ್ತದೆ. ಇಲಿಯ ಅಂಕಿಯನ್ನು ಬೆಕ್ಕಿಗೆ ಹಾಯಿಸುವ ಮುನ್ನ ಇದು ನೆನಪಿರಲಿ. ಪ್ರಾಣಿ ಹೊಟ್ಟೆ ತುಂಬಿತ್ತೋ ಉಪವಾಸವಿತ್ತೋ ಎಂದು ವರದಿಯಲ್ಲಿ ಬರೆಯುವುದು ಕೂಡ ಇಲ್ಲಿ ಬರೀ ಔಪಚಾರಿಕತೆಯಲ್ಲ.

ಈಗ ವೇಗದ ಪ್ರಶ್ನೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

300 ಗ್ರಾಂ ತೂಕದ ಇಲಿ ದಿನಕ್ಕೆ 15 ಗ್ರಾಂ ಆಹಾರ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಆಹಾರದಲ್ಲಿ ಶೇಕಡಾ 3ರಷ್ಟು ಅಮೋನಿಯಂ ಸಲ್ಫೇಟ್ ಬೆರೆಸಿದರೆ ದಿನಕ್ಕೆ 450 ಮಿ.ಗ್ರಾಂ, ಕಿಲೋಗೆ 1,500 ಮಿ.ಗ್ರಾಂ, ಅಮೋನಿಯಂ ಲೆಕ್ಕದಲ್ಲಿ ಕಿಲೋಗೆ 23 ಮಿಲಿಮೋಲ್. ಅಸಿಟೇಟ್ ಚುಚ್ಚಿದ ಚಿಟ್ಟಿಲಿಯನ್ನು ಕೊಂದ ಪ್ರಮಾಣಕ್ಕಿಂತ ಇದು ಎರಡು ಪಟ್ಟು! ಆದರೆ ಅದೇ 15 ಗ್ರಾಂ ಆಹಾರದಲ್ಲಿ ಶೇಕಡಾ 18 ಪ್ರೋಟೀನ್ ಇದ್ದರೆ 2.7 ಗ್ರಾಂ ಪ್ರೋಟೀನ್, ಅದರಲ್ಲಿ 0.43 ಗ್ರಾಂ ಸಾರಜನಕ. ಕಿಲೋ ಲೆಕ್ಕಕ್ಕೆ ತಂದರೆ 103 ಮಿಲಿಮೋಲ್. ಬೆಳವಣಿಗೆ ಮುಗಿದ ಪ್ರಾಣಿ ಇದರ ಬಹುಪಾಲನ್ನು ದಿನವೂ ಯೂರಿಯಾ ಮಾಡಿ ಹೊರಹಾಕುತ್ತಲೇ ಇದೆ. ನಾವು ಬೆರೆಸಿದ ಲವಣ ಆ ಕೆಲಸಕ್ಕೆ ಕಾಲು ಭಾಗವೂ ಕೂಡಿಸಿದಂತಾಗಲಿಲ್ಲ. ಅಲ್ಲದೆ ಸಾರಜನಕ ಹೆಚ್ಚು ಬಂದಾಗ ಯೂರಿಯಾ ಚಕ್ರದ ಕಿಣ್ವಗಳೂ ಕೆಲವು ದಿನಗಳಲ್ಲಿ ಹೆಚ್ಚುತ್ತವೆ. ಇಲಿಗಳ ಮೇಲೆ ನಡೆದ 90 ದಿನಗಳ ಸಲ್ಫೇಟ್ ಆಹಾರ ಪ್ರಯೋಗದಲ್ಲಿ ಶೇಕಡಾ 3ರ ಗುಂಪಿನ ಗಂಡಿಲಿಗಳಲ್ಲಿ ಕಂಡ ಮುಖ್ಯ ತೊಂದರೆ ಭೇದಿ. ಸೆಳೆತವೂ ಇಲ್ಲ, ಮಂಪರೂ ಇಲ್ಲ. ಶೇಕಡಾ 1.5, ಅಂದರೆ ಗಂಡಿಲಿಗಳಲ್ಲಿ ದಿನಕ್ಕೆ ಕಿಲೋಗೆ 886 ಮಿ.ಗ್ರಾಂ, ಹಾನಿ ಕಾಣದ ಮಟ್ಟ ಎನಿಸಿತು. 52 ವಾರಗಳ ಪ್ರಯೋಗದಲ್ಲಿ ಶೇಕಡಾ 3ರ ಮಟ್ಟದಲ್ಲಿ ಮೂತ್ರಪಿಂಡ, ಯಕೃತ್ತುಗಳ ತೂಕ ಏರಿದ್ದರಿಂದ ಹಾನಿರಹಿತ ಮಟ್ಟ ಶೇಕಡಾ 0.6ಕ್ಕೆ, ಗಂಡಿನಲ್ಲಿ 256 ಮಿ.ಗ್ರಾಂಗೆ, ಇಳಿಯಿತು. 104 ವಾರಗಳಲ್ಲಿ ಗಡ್ಡೆಗಳು ಹೆಚ್ಚಲಿಲ್ಲ.

ಹಾಗಾದರೆ ಚುಚ್ಚಿದಾಗ ಏಕೆ ಸಾಯುತ್ತವೆ? ಉದರಕುಹರಕ್ಕೆ ಚುಚ್ಚಿದ್ದು ಯಕೃತ್ತನ್ನು ತಪ್ಪಿಸಿಕೊಂಡು ಹೋಗುತ್ತದೆ ಎಂಬ ಉತ್ತರ ಸುಲಭ, ಆದರೆ ಸರಿಯಲ್ಲ. ಉದರಕುಹರದಿಂದ ಹೀರಿಕೆಯಾಗುವ ಸಣ್ಣ ಅಣುಗಳೂ ಬಹುಪಾಲು ಪೋರ್ಟಲ್ ರಕ್ತಕ್ಕೇ ಸೇರುತ್ತವೆ. ವ್ಯತ್ಯಾಸ ಇರುವುದು ಸಮಯದಲ್ಲಿ. ಇಡೀ ದಿನಕ್ಕೆ ಹಂಚಿ ಬರಬೇಕಾದದ್ದು ಐದು ನಿಮಿಷದಲ್ಲಿ ಬಂದರೆ ಎರಡೂ ಜರಡಿಗಳು ಉಕ್ಕಿ ಹರಿಯುತ್ತವೆ. ಬಾಯಿಯ ದಾರಿಯಲ್ಲಿ ಜಠರ ಸ್ವಲ್ಪ ಸ್ವಲ್ಪವಾಗಿ ಬಿಡುವುದರಿಂದ ಅದೇ ಪ್ರಮಾಣ ತಾಳಿಕೊಳ್ಳುವಂತಾಗುತ್ತದೆ. ನೇರ ಅಭಿಧಮನಿಗೆ ಕೊಟ್ಟರೆ ತಾಳಿಕೆ ಇನ್ನೂ ಕುಗ್ಗುತ್ತದೆ, ಅಲ್ಲಿ ಮಿಲಿಗ್ರಾಂಗಿಂತ ನಿಮಿಷಕ್ಕೆ ಎಷ್ಟು ಎಂಬುದೇ ಮುಖ್ಯ.

ಉಕ್ಕಿ ಹರಿದ ಅಮೋನಿಯಾ ಹೋಗುವುದು ಸ್ನಾಯುವಿಗೆ ಮತ್ತು ಮಿದುಳಿಗೆ. ಸ್ನಾಯು ಅದನ್ನು ಗ್ಲುಟಾಮಿನ್ ಮಾಡಿ ಹಿಡಿದಿಟ್ಟುಕೊಳ್ಳುತ್ತದೆ, ಅದು ಒಳ್ಳೆಯದೇ. ಮಿದುಳಿನಲ್ಲೂ ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳು ಅದನ್ನೇ ಮಾಡುತ್ತವೆ, ವಿಕಿರಣಶೀಲ ಸಾರಜನಕ-13 ಬಳಸಿ ನೋಡಿದಾಗ ಈ ಕೆಲಸ ಕೆಲವೇ ಸೆಕೆಂಡುಗಳಲ್ಲಿ ನಡೆಯುವುದು ಕಂಡಿದೆ. ಆದರೆ ಕೂಡಿಕೊಂಡ ಗ್ಲುಟಾಮಿನ್ ನೀರನ್ನು ಸೆಳೆದು ಆ ಕೋಶಗಳನ್ನು ಉಬ್ಬಿಸುತ್ತದೆ, ತಲೆಬುರುಡೆಯೊಳಗೆ ಉಬ್ಬಲು ಜಾಗವಿಲ್ಲ. ತೀವ್ರ ಪ್ರಮಾಣದಲ್ಲಿ ಇನ್ನೊಂದು ದಾರಿಯೂ ತೆರೆಯುತ್ತದೆ: ನರಕೋಶಗಳನ್ನು ಉದ್ರೇಕಿಸುವ ಎನ್‌ಎಂಡಿಎ ಗ್ರಾಹಕಗಳು ಅತಿಯಾಗಿ ಕೆರಳುತ್ತವೆ. ಆ ಗ್ರಾಹಕಗಳನ್ನು ಮೊದಲೇ ತಡೆದಿಟ್ಟ ಪ್ರಾಣಿಗಳಲ್ಲಿ ಬಹಳಷ್ಟು ಬದುಕುಳಿಯುತ್ತವೆ ಎಂಬುದು ಇದಕ್ಕೆ ಬಲವಾದ ಸಾಕ್ಷಿ.

ಎಲ್ಲವೂ ಕಸವಾಗಿ ಹೋಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1939ರಲ್ಲಿ ಷೋನ್‌ಹೈಮರ್, ರಿಟೆನ್‌ಬರ್ಗ್ ಮತ್ತವರ ಗುಂಪು ಸಾರಜನಕ-15ರ ಗುರುತಿರುವ ಅಮೋನಿಯಂ ಲವಣವನ್ನು ಇಲಿಗಳಿಗೆ ತಿನ್ನಿಸಿ ನೋಡಿತು. ಗುರುತು ದೇಹದ ಪ್ರೋಟೀನಿನ ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಆರ್ಜಿನಿನ್‌ಗಳಲ್ಲಿ ಸಿಕ್ಕಿತು, ಲೈಸಿನ್‌ನಲ್ಲಿ ಮಾತ್ರ ಸಿಗಲಿಲ್ಲ. ಆದ್ದರಿಂದ ಗುರುತು ಹಚ್ಚಿದ ಸಾರಜನಕದ ಲೆಕ್ಕ ಮೂತ್ರದಲ್ಲಿ ನೂರಕ್ಕೆ ನೂರು ತಾಳೆಯಾಗದಿದ್ದರೆ ಹೀರಿಕೆ ಅಪೂರ್ಣ ಎಂದು ಬರೆಯುವುದು ತಪ್ಪು. ಉಳಿದದ್ದು ಪ್ರೋಟೀನಿನೊಳಗೆ ಕೂತಿರುತ್ತದೆ.

ಎರಡನೆಯ ಹೊರೆ ಆಮ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ, ಹೆಚ್ಚು ಎಡವುವುದೂ ಇಲ್ಲೇ. ಯೂರಿಯಾ ಆಗುವಾಗ ಎರಡು ಅಮೋನಿಯಂ ಜೊತೆಗೆ, ರಕ್ತದಲ್ಲಿ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಎರಡು ಖರ್ಚಾಗುತ್ತವೆ. ಕೊಟ್ಟದ್ದು ಅಮೋನಿಯಂ ಬೈಕಾರ್ಬನೇಟ್ ಆದರೆ ಅದು ತಂದ ಬೈಕಾರ್ಬನೇಟೇ ಖರ್ಚಿಗೆ ಸಾಕು, ಲೆಕ್ಕ ಚುಕ್ತಾ. ಅಸಿಟೇಟ್, ಸಿಟ್ರೇಟ್ ಆದರೂ ಹಾಗೇ, ಅವು ಉರಿದು ಬೈಕಾರ್ಬನೇಟ್ ಆಗುತ್ತವೆ. ಕ್ಲೋರೈಡ್ ಉರಿಯುವುದಿಲ್ಲ. ಅಮೋನಿಯಂ ಯೂರಿಯಾ ಆಗಿ ಹೋದ ಮೇಲೆ ದೇಹದಲ್ಲಿ ಉಳಿಯುವುದು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸಮನಾದದ್ದು. ಜೆ.ಬಿ.ಎಸ್. ಹಾಲ್ಡೇನ್ 1920ರ ದಶಕದ ಆರಂಭದಲ್ಲಿ ತಮ್ಮ ರಕ್ತವನ್ನು ಆಮ್ಲೀಯಗೊಳಿಸಲು ಹೊರಟಾಗ ಸಾಕಷ್ಟು ಆಮ್ಲವನ್ನು ಕುಡಿಯಲಾಗದೆ ಅಮೋನಿಯಂ ಕ್ಲೋರೈಡ್ ಕುಡಿದದ್ದು ಈ ಲೆಕ್ಕಾಚಾರದ ಮೇಲೆಯೇ. ಏದುಸಿರು ಬಂದು ಲೆಕ್ಕ ಸರಿಯೆಂದು ಸಾಬೀತಾಯಿತು.

ಹೀಗಾಗಿ ಒಂದು ವಿಚಿತ್ರ ಸ್ಥಿತಿ: ಯಕೃತ್ತು ಚೆನ್ನಾಗಿ ಕೆಲಸ ಮಾಡಿದಷ್ಟೂ ಅಮೋನಿಯಾ ಇಳಿಯುತ್ತದೆ, ಆಮ್ಲ ಏರುತ್ತದೆ. ಆರಂಭದಲ್ಲಿ ಹೇಳಿದ ಕ್ಲೋರೈಡಿನ 28 ಮಿಲಿಮೋಲನ್ನು ಮತ್ತೆ ನೋಡಿ. ಕೋಶಗಳ ಹೊರಗಿನ ದ್ರವದಲ್ಲಿ ಇರುವ ಬೈಕಾರ್ಬನೇಟ್ ದೇಹತೂಕದ ಕಿಲೋಗೆ ಸುಮಾರು 5 ಮಿಲಿಮೋಲ್ ಮಾತ್ರ. ಕೋಶದೊಳಗಿನ ಪ್ರತ್ಯಾಮ್ಲಗಳು, ಮೂಳೆಯ ಕಾರ್ಬನೇಟ್ ಕೈಜೋಡಿಸಿದರೂ 28ನ್ನು ಒಂದೇ ಸಲಕ್ಕೆ ತಡೆಯುವುದು ಕಷ್ಟ. ಬಾಯಿಯ ಮೂಲಕ ಕ್ಲೋರೈಡ್ ತಿಂದು ಗಂಟೆಗಳ ಬಳಿಕ ಆಳವಾಗಿ ಉಸಿರೆಳೆಯುತ್ತಾ ಸಾಯುವ ಇಲಿಗೂ, ಅಸಿಟೇಟ್ ಚುಚ್ಚಿದ ಕೆಲವೇ ನಿಮಿಷಕ್ಕೆ ಸೆಳೆತದಿಂದ ಸಾಯುವ ಚಿಟ್ಟಿಲಿಗೂ ಸಾವಿನ ಕಾರಣ ಒಂದೇ ಎಂದು ಹೇಳಲಾಗದು. ಎರಡರಲ್ಲೂ ಉಸಿರು ಏರುತ್ತದೆ, ಆದ್ದರಿಂದ ಬರೀ ಕಣ್ಣಿಗೆ ಮೋಸವಾಗುತ್ತದೆ. ಅಮೋನಿಯಾ ಉಸಿರಾಟದ ಕೇಂದ್ರವನ್ನು ಕೆರಳಿಸಿ ರಕ್ತವನ್ನು ಕ್ಷಾರದ ಕಡೆ ಎಳೆಯುತ್ತದೆ, ಕ್ಲೋರೈಡ್ ಆಮ್ಲದ ಕಡೆ. ಪಿಎಚ್ ಮತ್ತು ಬೈಕಾರ್ಬನೇಟ್ ಅಳೆಯದೆ ಲಕ್ಷಣ ಮಾತ್ರ ಬರೆದ ವರದಿಯಿಂದ ಇದನ್ನು ಬಿಡಿಸಲಾಗದು.

ವೈದ್ಯಕೀಯದಲ್ಲೂ ಇದೇ ಗುಣವನ್ನು ಬಳಸುತ್ತಾರೆ. ಮೂತ್ರಪಿಂಡ ಆಮ್ಲ ಹೊರಹಾಕಬಲ್ಲುದೇ ಎಂದು ನೋಡಲು 1959ರಿಂದ ರೂಢಿಯಲ್ಲಿರುವ ಪರೀಕ್ಷೆಯಲ್ಲಿ ಕಿಲೋಗೆ 100 ಮಿ.ಗ್ರಾಂ ಅಮೋನಿಯಂ ಕ್ಲೋರೈಡ್ ಕುಡಿಸಿ ಮುಂದಿನ ಕೆಲವು ಗಂಟೆ ಮೂತ್ರದ ಪಿಎಚ್ ನೋಡುತ್ತಾರೆ, 5.3ಕ್ಕಿಂತ ಕೆಳಗೆ ಇಳಿಯಬೇಕು. 60 ಕಿಲೋ ತೂಕದವರಿಗೆ ಅದು 6 ಗ್ರಾಂ, 112 ಮಿಲಿಮೋಲ್ ಆಮ್ಲ, ಸಾಮಾನ್ಯ ಆಹಾರದಿಂದ ಎರಡು ದಿನಕ್ಕೆ ಹುಟ್ಟುವಷ್ಟು. ವಾಂತಿ ಆಗುವುದು ಇದರ ದೊಡ್ಡ ತೊಡಕು, ಕುಡಿದದ್ದೆಷ್ಟು ಉಳಿದದ್ದೆಷ್ಟು ತಿಳಿಯದೆ ಪರೀಕ್ಷೆ ಕೆಡುತ್ತದೆ. ಕುಡಿಯುವ ನೀರಿನ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ದಿನಕ್ಕೆ ಕಿಲೋಗೆ 100 ಮಿ.ಗ್ರಾಂ ದಾಟಿದ ಅಮೋನಿಯಂ ಕ್ಲೋರೈಡ್ ಆಮ್ಲ-ಕ್ಷಾರ ಸಮತೋಲವನ್ನು ಕದಲಿಸುತ್ತದೆ ಎನ್ನುತ್ತದೆ. ನೀರಿನಲ್ಲಿರುವ ಅಮೋನಿಯಾಕ್ಕೆ ಅದು ಆರೋಗ್ಯದ ಆಧಾರದ ಮಿತಿಯನ್ನೇ ಹಾಕಿಲ್ಲ, ಏಕೆಂದರೆ ಕುಡಿಯುವ ನೀರಿನಲ್ಲಿ ಕಾಣುವ ಮಟ್ಟ ಆರೋಗ್ಯಕ್ಕೆ ಆತಂಕ ತರುವ ಮಟ್ಟಕ್ಕಿಂತ ಬಹಳ ಕೆಳಗಿದೆ.

ದಿನಗಟ್ಟಲೆ ಆಮ್ಲ ಬರುತ್ತಿದ್ದರೆ ಮೂತ್ರಪಿಂಡ ತನ್ನ ಯಂತ್ರವನ್ನೇ ಹಿಗ್ಗಿಸಿಕೊಳ್ಳುತ್ತದೆ. ಗ್ಲುಟಾಮಿನ್ ಒಡೆದು ಅಮೋನಿಯಂ ಮಾಡಿ ಮೂತ್ರಕ್ಕೆ ತಳ್ಳುತ್ತದೆ. ಮನುಷ್ಯನಲ್ಲಿ ದಿನಕ್ಕೆ 30-40 ಮಿಲಿಮೋಲ್ ಇದ್ದದ್ದು 200ನ್ನೂ ದಾಟಬಹುದು, ಆದರೆ ಆ ಮಟ್ಟ ತಲುಪಲು ಮೂರರಿಂದ ಐದು ದಿನ ಬೇಕು. ಹೊರಗಿನಿಂದ ಅಮೋನಿಯಂ ತಿಂದ ಪ್ರಾಣಿಯ ಮೂತ್ರದಲ್ಲಿ ಅಮೋನಿಯಂ ಹೆಚ್ಚಿದ್ದನ್ನು ನೋಡಿ, ತಿಂದದ್ದೇ ಹಾಗೇ ಹೊರಬಂತು ಎಂದುಕೊಳ್ಳುವುದು ಇಲ್ಲಿ ಸಾಮಾನ್ಯ ತಪ್ಪು. ಬಹುಪಾಲು ಮೂತ್ರಪಿಂಡ ಗ್ಲುಟಾಮಿನ್‌ನಿಂದ ಹೊಸದಾಗಿ ಮಾಡಿದ್ದು. ಹಾಗೆಯೇ ದೀರ್ಘಾವಧಿ ಕ್ಲೋರೈಡ್ ಪ್ರಯೋಗಗಳಲ್ಲಿ ಮೂತ್ರಪಿಂಡದ ತೂಕ ಏರುವುದು, ಅಡ್ರಿನಲ್ ಗ್ರಂಥಿಯ ಹೊರಪದರ ದಪ್ಪವಾಗುವುದು, ಮೂಳೆಯ ಖನಿಜ ಕರಗುವುದು, ಇವೆಲ್ಲ ಆಮ್ಲಕ್ಕೆ ಕೊಟ್ಟ ಉತ್ತರ. ಇವುಗಳನ್ನು ಅಮೋನಿಯಂ ವಿಷತ್ವದ ಖಾತೆಗೆ ಬರೆದರೆ ಅಮೋನಿಯಂ ಬೈಕಾರ್ಬನೇಟಿಗೆ ಅನ್ಯಾಯ ಮಾಡಿದಂತೆ.

ಮೂರನೆಯ ಹೊರೆ ಋಣ ಅಯಾನು. ಸಲ್ಫೇಟ್ ಹೆಚ್ಚಾದಾಗ ಕರುಳು ಅದನ್ನು ಪೂರ್ತಿ ಹೀರಲಾರದು, ಉಳಿದದ್ದು ನೀರನ್ನು ಹಿಡಿದಿಟ್ಟು ಭೇದಿ ಮಾಡುತ್ತದೆ. ಪರ್ಕ್ಲೋರೇಟ್ ಥೈರಾಯ್ಡಿಗೆ ಅಯೋಡಿನ್ ಹೋಗದಂತೆ ಅಡ್ಡ ನಿಲ್ಲುತ್ತದೆ. ಬೈಫ್ಲೋರೈಡ್ ರಕ್ತದ ಕ್ಯಾಲ್ಸಿಯಂ ಕೆಡವುತ್ತದೆ, ಡೈಕ್ರೋಮೇಟಿನಲ್ಲಿ ಕ್ರೋಮಿಯಂ-6 ಇದೆ. ಈ ಎರಡರಲ್ಲಿ ಅಮೋನಿಯಂ ಬಗ್ಗೆ ಮಾತಾಡುವ ಅಗತ್ಯವೇ ಬೀಳುವುದಿಲ್ಲ. ನೈಟ್ರೇಟ್ ಮಾತ್ರ ತುಸು ಸಂಕೀರ್ಣ. ಮನುಷ್ಯನಲ್ಲಿ ತಿಂದ ನೈಟ್ರೇಟಿನ ಕಾಲು ಭಾಗದಷ್ಟು ಜೊಲ್ಲಿಗೆ ಬಂದು, ಬಾಯಿಯ ಬ್ಯಾಕ್ಟೀರಿಯಾಗಳು ಅದರಲ್ಲಿ ಸ್ವಲ್ಪವನ್ನು ನೈಟ್ರೈಟ್ ಮಾಡುತ್ತವೆ, ಅದು ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಇಲಿಯ ಜೊಲ್ಲು ನೈಟ್ರೇಟನ್ನು ಹಾಗೆ ಸಾಂದ್ರಗೊಳಿಸುವುದಿಲ್ಲ. ಆದ್ದರಿಂದ ಅಮೋನಿಯಂ ನೈಟ್ರೇಟ್ ತಿಂದ ಇಲಿ ಚೆನ್ನಾಗಿದೆ ಎಂಬುದು ನೈಟ್ರೇಟಿನ ಮಟ್ಟಿಗೆ ಮನುಷ್ಯನಿಗೆ ಭರವಸೆ ಕೊಡುವ ಮಾತಲ್ಲ.

ಪ್ರಯೋಗ ಕಟ್ಟುವಾಗ ಇದೆಲ್ಲ ಹೇಗೆ ಕೆಲಸಕ್ಕೆ ಬರುತ್ತದೆ? ಕೊಳವೆಯಿಂದ ಜಠರಕ್ಕೆ ಹಾಕುವ ಪದ್ಧತಿಯನ್ನು ತೆಗೆದುಕೊಳ್ಳಿ. ವಾಡಿಕೆಯ ಪರಿಮಾಣ ಕಿಲೋಗೆ 10 ಮಿ.ಲೀ. ಅದರಲ್ಲಿ 1,500 ಮಿ.ಗ್ರಾಂ ಕ್ಲೋರೈಡ್ ಕರಗಿಸಿದರೆ ಮಿ.ಲೀ.ಗೆ 150 ಮಿ.ಗ್ರಾಂ, 2.8 ಮೋಲಾರ್. ಇದರ ಆಸ್ಮೋಲಾಲಿಟಿ, ಅಂದರೆ ನೀರನ್ನು ಸೆಳೆಯುವ ಕರಗಿದ ಕಣಗಳ ಸಾಂದ್ರತೆ, ರಕ್ತದ್ದಕ್ಕಿಂತ ಹದಿನೆಂಟು ಪಟ್ಟಿನ ಆಸುಪಾಸು. ಜಠರದ ಒಳಪದರ ಕಿತ್ತುಬರುತ್ತದೆ, ದೇಹದ ನೀರು ಕರುಳಿಗೆ ಇಳಿಯುತ್ತದೆ. ಶವಪರೀಕ್ಷೆಯಲ್ಲಿ ಕಂಡ ರಕ್ತಸ್ರಾವ ಅಮೋನಿಯಂ ಮಾಡಿದ್ದೋ ಸಾಂದ್ರ ಉಪ್ಪುನೀರು ಮಾಡಿದ್ದೋ? ಬರೀ ನೀರು ಕುಡಿಸಿದ ಕಂಟ್ರೋಲ್ ಗುಂಪು ಇದಕ್ಕೆ ಉತ್ತರ ಕೊಡಲಾರದು. ಅಷ್ಟೇ ಮೋಲ್ ಸೋಡಿಯಂ ಕ್ಲೋರೈಡ್ ಕೊಟ್ಟ ಗುಂಪು ಬೇಕು: ಕಿಲೋಗೆ 1,640 ಮಿ.ಗ್ರಾಂ. ಸೋಡಿಯಂ ಕ್ಲೋರೈಡಿನ ಎಲ್‌ಡಿ50 ಸುಮಾರು 3,000 ಎಂಬುದನ್ನು ನೆನೆದರೆ ಆ ಗುಂಪಿನ ಇಲಿಗಳೂ ಸುಖವಾಗಿರುವುದಿಲ್ಲ ಎಂದು ಮೊದಲೇ ಗೊತ್ತಾಗುತ್ತದೆ. ಆಮ್ಲವನ್ನು ಬೇರ್ಪಡಿಸಬೇಕೆಂದರೆ ಅಷ್ಟೇ ಅಮೋನಿಯಂ ಇರುವ ಬೈಕಾರ್ಬನೇಟ್ ಅಥವಾ ಅಸಿಟೇಟ್ ಗುಂಪು ಇನ್ನೊಂದು. ಸಲ್ಫೇಟಿಗೆ ಸೋಡಿಯಂ ಸಲ್ಫೇಟ್ ಜೋಡಿ.

ಆಹಾರದಲ್ಲಿ ಬೆರೆಸುವುದಾದರೆ ತೊಡಕು ಬೇರೆ. ಉಪ್ಪುಪ್ಪಾದ ಆಹಾರವನ್ನು ಇಲಿ ಕಡಿಮೆ ತಿನ್ನುತ್ತದೆ, ತೂಕ ಇಳಿಯುತ್ತದೆ, ಅದು ವಿಷದ ಪರಿಣಾಮವೆಂದು ದಾಖಲಾಗುತ್ತದೆ. ಅಷ್ಟೇ ಆಹಾರ ಅಳೆದು ಕೊಟ್ಟ ಜೋಡಿ ಗುಂಪು ಇಲ್ಲದೆ ತೂಕದ ಅಂಕಿಯನ್ನು ನಂಬಬೇಡಿ. ಅಮೋನಿಯಂ ಬೈಕಾರ್ಬನೇಟ್ ಬೆಚ್ಚಗಿನ ಕೋಣೆಯಲ್ಲಿ ತಾನೇ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಬೆರೆಸಿದ ದಿನದ ಅಂಕಿ ವಾರದ ಕೊನೆಗೆ ಸುಳ್ಳಾಗಿರುತ್ತದೆ, ತೊಟ್ಟಿಯಲ್ಲಿ ಉಳಿದ ಆಹಾರವನ್ನೇ ಮತ್ತೆ ವಿಶ್ಲೇಷಿಸಬೇಕು.

ರಕ್ತ ತೆಗೆಯುವ ಸಮಯ ಬಹಳ ಮುಖ್ಯ. ಏರಿಕೆ ಕಾಣುವುದು ಮೊದಲ ಒಂದೆರಡು ಗಂಟೆಗಳಲ್ಲಿ. 5, 15, 30, 60, 120 ನಿಮಿಷಗಳಲ್ಲಿ ತೆಗೆದರೆ ಇಳಿಜಾರು ಸಿಗುತ್ತದೆ. ಮರುದಿನ ತೆಗೆದ ರಕ್ತದಲ್ಲಿ ಏನೂ ಇರುವುದಿಲ್ಲ. ತೆಗೆದ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಗೆ ಹಾಕಿ, ಕೂಡಲೇ ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು, ಕಾಲು ಗಂಟೆಯೊಳಗೆ ತಂಪಿನಲ್ಲೇ ಪ್ಲಾಸ್ಮಾ ಬೇರ್ಪಡಿಸಬೇಕು. ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಗ್ಲುಟಾಮಿನ್ ಒಡೆದು ಅಮೋನಿಯಾ ಏರುತ್ತಲೇ ಹೋಗುತ್ತದೆ. ಕೆಂಪು ಕಣಗಳೊಳಗೆ ಪ್ಲಾಸ್ಮಾಕ್ಕಿಂತ ಮೂರು ಪಟ್ಟಿನಷ್ಟು ಅಮೋನಿಯಾ ಇರುವುದರಿಂದ ಕಣ ಒಡೆದು ಕೆಂಪಾದ ಮಾದರಿ ಕಸದ ಬುಟ್ಟಿಗೆ. ಹೆಪಾರಿನ್ ಬಳಸುವುದಾದರೆ ಅದು ಯಾವ ಲವಣವೆಂದು ಚೀಟಿ ಓದಿ. ಅಮೋನಿಯಂ ಹೆಪಾರಿನ್ ಎಂಬ ಕೊಳವೆಗಳೂ ಇವೆ! ಅಳೆಯುವ ಕಿಟ್ಟಿನಲ್ಲಿ ಗ್ಲುಟಮೇಟ್ ಡಿಹೈಡ್ರೋಜನೇಸ್ ಕಿಣ್ವದ ಜೊತೆ ಎನ್‌ಎಡಿಪಿಎಚ್ ಎಂಬ ಸಹಕಿಣ್ವ ಇರುವುದು ಲೇಸು. ಎನ್‌ಎಡಿಎಚ್ ಇದ್ದರೆ ಯಕೃತ್ತು ಹಾಳಾದ ಪ್ರಾಣಿಯ ಪ್ಲಾಸ್ಮಾದಲ್ಲಿ ತುಂಬಿರುವ ಲ್ಯಾಕ್ಟೇಟ್ ಡಿಹೈಡ್ರೋಜನೇಸ್ ಅದನ್ನು ತಿಂದು ಅಂಕಿ ಉಬ್ಬಿಸುತ್ತದೆ.

ಯೂರಿಯಾ ಅಳತೆಯಲ್ಲೂ ಒಂದು ಹೊಂಡವಿದೆ. ಹೆಚ್ಚಿನ ಕಿಟ್ಟುಗಳು ಯೂರಿಯಾವನ್ನು ಯೂರಿಯೇಸಿನಿಂದ ಒಡೆದು ಹುಟ್ಟಿದ ಅಮೋನಿಯಾವನ್ನು ಅಳೆಯುತ್ತವೆ. ಸಾಮಾನ್ಯ ಪ್ಲಾಸ್ಮಾದಲ್ಲಿ ಮೊದಲೇ ಇರುವ ಅಮೋನಿಯಾ ನಗಣ್ಯ. ಲವಣ ಕೊಟ್ಟ ಪ್ರಾಣಿಯ ಪ್ಲಾಸ್ಮಾದಲ್ಲಿ, ಅದಕ್ಕಿಂತಲೂ ಮೂತ್ರದಲ್ಲಿ, ಅದು ನಗಣ್ಯವಲ್ಲ. ಯೂರಿಯೇಸ್ ಹಾಕುವ ಮೊದಲಿನ ಅಂಕಿಯನ್ನು ಕಳೆಯದಿದ್ದರೆ ಅಮೋನಿಯಾವನ್ನೇ ಯೂರಿಯಾ ಎಂದು ಎಣಿಸಿ, ಚಯಾಪಚಯ ಚೆನ್ನಾಗಿ ನಡೆದಿದೆ ಎಂದು ಬರೆಯುತ್ತೇವೆ. ಮೂತ್ರ ಸಂಗ್ರಹದಲ್ಲಿ ಇದರ ತಿರುವುಮುರುವು: ಚಯಾಪಚಯ ಪಂಜರದ ಕೆಳಗೆ ಮಲದ ಹುಡಿ ಬೆರೆತ ಮೂತ್ರ ರಾತ್ರಿಯಿಡೀ ನಿಂತರೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಅಮೋನಿಯಾ ಮಾಡಿಬಿಡುತ್ತವೆ. ಸಂಗ್ರಹದ ಬಾಟಲಿಯನ್ನು ತಂಪಾಗಿಟ್ಟು, ಮೊದಲೇ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹಾಕಿಡಬೇಕು. ಆದರೆ ಮೂತ್ರದ ಪಿಎಚ್ ಕೂಡ ಬೇಕಿದ್ದರೆ ಆಮ್ಲ ಹಾಕುವಂತಿಲ್ಲ. ಅದಕ್ಕೆ ಬೇರೆ ಪ್ರಾಣಿಗಳಿಂದ, ಎಣ್ಣೆಯ ಪದರದಡಿ, ಬೇರೆ ಮಾದರಿ.

ಒಂದು ಲವಣದ ಮಾಹಿತಿಯಿಂದ ಇನ್ನೊಂದರ ಬಗ್ಗೆ ಊಹಿಸುವ ಪದ್ಧತಿ ಈಗ ಎಲ್ಲೆಡೆ ಇದೆ. ಪ್ರಾಣಿಗಳ ಬಳಕೆ ಕಡಿಮೆಯಾಗುವುದರಿಂದ ನಾನು ಅದರ ಪರವೇ. ಅಮೋನಿಯಂ ಫಾಸ್ಫೇಟಿಗೆ ಸಲ್ಫೇಟಿನ ಅಮೋನಿಯಂ ಭಾಗವನ್ನೂ ಸೋಡಿಯಂ ಫಾಸ್ಫೇಟಿನ ಫಾಸ್ಫೇಟ್ ಭಾಗವನ್ನೂ ಜೋಡಿಸಿ ಓದುವುದು ತಕ್ಕದ್ದೇ. ಪರ್‌ಫ್ಲೂರೊಆಕ್ಟನೋಯೇಟಿನ ಅಮೋನಿಯಂ ಲವಣವನ್ನು ಆ ಗುಂಪಿಗೆ ಸೇರಿಸಿದರೆ ಮಾತ್ರ ಅನಾಹುತ. ಅದರ ಅಮೋನಿಯಂ ಗಂಟೆಗಳಲ್ಲಿ ಯೂರಿಯಾ ಆಗಿ ಹೋಗುತ್ತದೆ. ಋಣ ಅಯಾನು ಹೆಣ್ಣಿಲಿಯಲ್ಲಿ ಕೆಲವು ಗಂಟೆ, ಗಂಡಿಲಿಯಲ್ಲಿ ಕೆಲವು ದಿನ, ಮನುಷ್ಯನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇನ್ನು ಬೆಂಜಾಲ್ಕೋನಿಯಂ ಕ್ಲೋರೈಡಿನಂಥ ಚತುರ್ಥಕ ಅಮೋನಿಯಂ ಸಂಯುಕ್ತಗಳು ಹೆಸರಿನಲ್ಲಷ್ಟೇ ನೆಂಟರು. ಅವುಗಳ ಸಾರಜನಕಕ್ಕೆ ನಾಲ್ಕೂ ಕಡೆ ಇಂಗಾಲವೇ ಅಂಟಿರುವುದರಿಂದ ಯಾವ ಪಿಎಚ್‌ನಲ್ಲೂ ಆವೇಶ ಬಿಡುವುದಿಲ್ಲ, ಅಮೋನಿಯಾ ಆಗುವುದಿಲ್ಲ, ಯೂರಿಯಾ ಚಕ್ರದ ಹತ್ತಿರ ಸುಳಿಯುವುದಿಲ್ಲ. ಕರುಳಿನಲ್ಲಿ ಹೀರಿಕೆ ಅಲ್ಪ, ಬಹುಪಾಲು ಮಲದಲ್ಲೇ ಹೊರಕ್ಕೆ. ಮಾಹಿತಿಕೋಶದಲ್ಲಿ ಅಮೋನಿಯಂ ಎಂದು ಹುಡುಕಿ ತೆಗೆದ ಪಟ್ಟಿಯಲ್ಲಿ ಇವು ಸೇರಿಕೊಂಡಿದ್ದರೆ ಸರಾಸರಿ ತೆಗೆಯುವ ಮೊದಲೇ ಹೊರಗಿಡಿ.